ಬಂಡೆ ಎಳೆದವರ ಚಿತ್ರ

ರಾಯಚೂರು ಕೋಟೆಯ ಪಡುವಣ ಗೋಡೆಯಲ್ಲಿ ಸುಮಾರು 41 ಅಡಿ ಉದ್ದದ ಒಂದೇ ಕಲ್ಲಿದೆ. ಅದರ ಮೇಲೆ 1294ರ ತೆಲುಗು ಶಾಸನ. ಕಾಕತೀಯರ ಕಡೆಯ ಗೋನ ವಿಠ್ಠಲ ಆದವಾನಿ, ತುಂಬಳ, ಮಾನುವೆ ಮೊದಲಾದ ಕೋಟೆಗಳನ್ನು ಗೆದ್ದು, ರಾಯಚೂರಿಗೆ ಬಂದು ಈ ಗೋಡೆ ಕಟ್ಟಿಸಿದನೆಂಬುದು ಒಕ್ಕಣೆ. ಮಾನುವೆ ಎಂದರೆ ನಮ್ಮ ಮಾನ್ವಿಯೇ ಎನ್ನುತ್ತಾರೆ.

ಗೆದ್ದವನ ಹೆಸರು ಸಿಕ್ಕಿತು, ಸೋತ ಊರುಗಳದ್ದೂ ಸಿಕ್ಕಿತು. ಇಷ್ಟು ದೊಡ್ಡ ಬಂಡೆಯನ್ನು ಇಲ್ಲಿಗೆ ತಂದವರು ಯಾರು? ಅಕ್ಷರ ಅದನ್ನು ಹೇಳುವುದಿಲ್ಲ, ಗೋಡೆಯ ಮೇಲೆ ಕೊರೆದ ಚಿತ್ರ ಹೇಳುತ್ತದೆ. ಬಂಡೆ ಹೇರಿದ ಗಾಡಿ, ಅದರ ಮುಂದೆ ಕೋಣಗಳ ಉದ್ದನೆಯ ಸಾಲು, ನಡುನಡುವೆ ಹೊಡೆಯುವವರು, ಹಿಂದೆ ಗಾಲಿಗೆ ಸನ್ನೆಗೋಲು ಕೊಟ್ಟು ಮೀಟುತ್ತಿರುವ ಆಳುಗಳು. ರಾಜ ಇಲ್ಲ, ಛತ್ರ ಚಾಮರ ಇಲ್ಲ. ಏಳು ನೂರು ವರ್ಷ ದಾಟಿದ ಈ ಗೆರೆಗಳ ಮುಂದೆ ನಿಂತರೆ, ದುಡಿದವರನ್ನು ಬೀದಿಯ ಗೋಡೆಗೆ ತರುವುದು ಮಹಾನಗರದ ಹೊಸ ಫ್ಯಾಷನ್ ಎನ್ನಲು ಬಾಯಿ ಬರುವುದಿಲ್ಲ.

ಆ ಆಳುಗಳ ವಾರಸುದಾರರು ಈಗಲೂ ಕಲ್ಲು ಹೊರುತ್ತಾರೆ, ಬೆಂಗಳೂರಿನಲ್ಲಿ. 2002ರ ಡಿ.ಎಂ. ನಂಜುಂಡಪ್ಪ ಸಮಿತಿ ವರದಿ ರಾಜ್ಯದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಯಲ್ಲಿ ರಾಯಚೂರು ಜಿಲ್ಲೆಯ ದೇವದುರ್ಗವನ್ನು ಸೇರಿಸಿತ್ತು. ಮಳೆ ಕೈಕೊಟ್ಟರೆ ದೇವದುರ್ಗ, ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಕೊನೆ ಭಾಗಕ್ಕೆ ಮುಟ್ಟದಿದ್ದರೆ ಮಾನ್ವಿ ಗುಳೆ ಹೊರಡುತ್ತವೆ. ಜೋಳದ ಚೀಲ, ಪಾತ್ರೆ, ಕೂಸು, ಎಲ್ಲ ಬಸ್ಸಿಗೇರುತ್ತವೆ. ಅವರೇ ಎಬ್ಬಿಸಿದ ಗೋಡೆಗಳ ಮೇಲೆ ಆಮೇಲೆ ಯಾರೋ ಬಂದು ಹೂವು, ಹಕ್ಕಿ ಬಿಡಿಸಿ ಹೋಗುತ್ತಾರೆ.

ಬೇರೆ ದಾರಿಯೂ ಇದೆ. ಪೂರ್ಣಿಮಾ ಸುಕುಮಾರ್ ಹುಟ್ಟುಹಾಕಿದ ಅರವಾನಿ ಆರ್ಟ್ ಪ್ರಾಜೆಕ್ಟ್ 2016ರಲ್ಲಿ ಬೆಂಗಳೂರಿನ ಕೆ.ಆರ್. ಮಾರುಕಟ್ಟೆಯ ಬಳಿ ‘ನಾವು ಇದ್ದೇವೆ’ ಎಂದು ಬರೆದಾಗ, ಬ್ರಷ್ ಹಿಡಿದವರಲ್ಲಿ ಲಿಂಗತ್ವ ಅಲ್ಪಸಂಖ್ಯಾತರೇ ಇದ್ದರು. ಅದೇ ಬಳಗದ ಬಣ್ಣ 2024ರಲ್ಲಿ ವೆನಿಸ್ ಬಿಯೆನಾಲೆಯ ಗೋಡೆಗೂ ಏರಿತು. ಚಿತ್ರ ಚೆಂದವೋ ಅಲ್ಲವೋ ಎಂಬುದು ನಂತರದ ಮಾತು. ತಮ್ಮ ಮುಖವನ್ನು ತಾವೇ ಬರೆದುಕೊಂಡರಲ್ಲ, ನನಗೆ ದೊಡ್ಡದೆನಿಸುವುದು ಅದು.

ನಮ್ಮ ಊರುಗಳ ಗೋಡೆಗಳಿಗೂ ಇದೇ ದಾರಿ ಸಲ್ಲುತ್ತದೆ. ಮಾನ್ವಿಯಲ್ಲಿ ‘ಹರಿಕಥಾಮೃತಸಾರ’ದ ಜಗನ್ನಾಥದಾಸರನ್ನು ಬಿಡಿಸಲು ಯಾರ ತಕರಾರೂ ಇರದು, ಇರಬಾರದು ಕೂಡ. ಆದರೆ ದಾಸರ ಪಕ್ಕದಲ್ಲೇ ಕಾಲುವೆ ಹೂಳು ಎತ್ತುವವರು, ಹತ್ತಿ ಬಿಡಿಸುವ ಹೆಂಗಸರು, ಮುತ್ತು ಕಟ್ಟಿಸಿಕೊಂಡ ತಾಯಂದಿರು, ತತ್ವಪದ ಹಾಡುವ ಅಜ್ಜಂದಿರು ನಿಲ್ಲಲಿ. ಯಾರು ನಿಲ್ಲಬೇಕು, ಹೇಗೆ ನಿಲ್ಲಬೇಕು ಎಂಬುದನ್ನು ಓಣಿಯವರು ಕಟ್ಟೆ ಮೇಲೆ ಕೂತು ತೀರ್ಮಾನಿಸಲಿ. ಅದನ್ನು ಬಿಟ್ಟು ದೇವದುರ್ಗದ ಬಸ್ ನಿಲ್ದಾಣದ ಗೋಡೆಗೆ ಟೆಂಡರ್ ಕರೆದರೆ ಮತ್ತೆ ಜೋಗದ ಜಲಪಾತ, ಮೈಸೂರು ಅರಮನೆಯೇ ಬಂದು ಕೂರುವುದು.