ಗೋಡೆಗೆ ಒರಗಿದ ಹಸುರುಮನೆ

ಹಸುರುಮನೆ ಎಂದೊಡನೆ ನಮ್ಮಲ್ಲಿ ಬಹುಮಂದಿಗೆ ಬೆಂಗಳೂರಿನ ಲಾಲ್‌ಬಾಗಿನ ಗಾಜಿನ ಮನೆಯೇ ಕಣ್ಣಿಗೆ ಕಟ್ಟುವುದು. 1889ರಲ್ಲಿ ಇಂಗ್ಲೆಂಡಿನ ರಾಜಕುಮಾರ ಆಲ್ಬರ್ಟ್ ವಿಕ್ಟರನು ಅಸ್ತಿಭಾರವನ್ನಿಟ್ಟ ಆ ಕಟ್ಟಡ ಫಲಪುಷ್ಪ ಪ್ರದರ್ಶನಗಳಿಗೆ ತಕ್ಕ ಭವ್ಯ ಮಂಟಪವೇ ಹೊರತು ಗೃಹಸ್ಥನಿಗೆ ಮಾದರಿಯಾಗತಕ್ಕದ್ದಲ್ಲ. ನಾವು ಇಲ್ಲಿ ವಿಚಾರಮಾಡಬೇಕೆಂದಿರುವುದು ಅದಕ್ಕಿಂತ ಬಹಳ ಚಿಕ್ಕದನ್ನು: ವಾಸದ ಮನೆಯ ಒಂದು ಗೋಡೆಯನ್ನೇ ಬೆನ್ನಾಗಿ ಮಾಡಿಕೊಂಡು, ಆರಡಿ ಅಗಲ ಹತ್ತಡಿ ಉದ್ದಕ್ಕೆ ಇಳಿಜಾರು ಚಾವಣಿ ಹೊದಿಸಿದ ಸಸ್ಯಗೃಹವನ್ನು. ಮಲೆನಾಡಿನ ನೆಂಟರ ಮನೆಯಿಂದ ಸೀತಾಳೆದಂಡೆಯನ್ನೋ ಜರಿಗಿಡವನ್ನೋ ತಂದು, ಫಾಲ್ಗುಣ ಚೈತ್ರಗಳ ಒಣಗಾಳಿಯಲ್ಲಿ ಅದು ದಿನದಿನಕ್ಕೆ ಸೊರಗುವುದನ್ನು ನೋಡಿದವರಿಗೆ ಇಂಥದೊಂದು ಬೇಕೆನ್ನಿಸುವುದು ನ್ಯಾಯವೇ. ಆದರೆ ವಿಲಾಯತಿ ಪುಸ್ತಕವನ್ನು ಮುಂದಿಟ್ಟುಕೊಂಡು ಅದರಲ್ಲಿದ್ದಂತೆಯೇ ಕಟ್ಟಿದರೆ ಒಂದು ಏಪ್ರಿಲ್ ತಿಂಗಳಲ್ಲಿ ಗಿಡಗಳು ಬೆಂದುಹೋಗುವುವು, ಮುಂದಿನ ಮಳೆಗಾಲದಲ್ಲಿ ಮನೆಯ ಗೋಡೆ ನೆನೆಯುವುದು.

ಶೀತದೇಶಗಳಲ್ಲಿ ಹಸುರುಮನೆಯ ಕೆಲಸ ಬಿಸಿಯನ್ನು ಕೂಡಿಡುವುದು. ಜೋಸೆಫ್ ಪ್ಯಾಕ್ಸ್‌ಟನ್ನನು 1836ರಿಂದ 1840ರವರೆಗೆ ಚಾಟ್ಸ್‌ವರ್ತಿನಲ್ಲಿ ಕಟ್ಟಿಸಿದ ದೊಡ್ಡ ಗಾಜಿನ ಮನೆಗೆ ನೆಲದಡಿಯಲ್ಲಿ ಕಲ್ಲಿದ್ದಲ ಒಲೆಗಳು ಉರಿಯುತ್ತಿರಬೇಕಾಗಿತ್ತು. ಮೊದಲನೆಯ ಮಹಾಯುದ್ಧದಲ್ಲಿ ಕಲ್ಲಿದ್ದಲಿಗೆ ಅಭಾವವಾಗಿ ಗಿಡಗಳು ಸತ್ತುವು, 1920ರಲ್ಲಿ ಕಟ್ಟಡವನ್ನೇ ಕೆಡವಿದರು. ನಮಗೆ ಆ ಚಿಂತೆಯಿಲ್ಲ. ಮೈಸೂರು ಬೆಂಗಳೂರುಗಳಲ್ಲಿ ಚಳಿಗಾಲದ ರಾತ್ರಿಯೂ 10 ಡಿಗ್ರಿ ಸೆಂಟಿಗ್ರೇಡಿಗಿಂತ ಕೆಳಗೆ ಇಳಿಯುವುದು ಅಪರೂಪ. ನಮಗೆ ಬೇಕಾದುದು ನೆರಳು, ತೇವ, ಬಿರುಗಾಳಿಯಿಂದ ಮರೆ.

ಗಾಜಿನೊಳಗೆ ಬಿಸಿ ಏಕೆ ಹೆಚ್ಚುತ್ತದೆಂಬುದನ್ನು ತಿಳಿದರೆ ಉಳಿದುದೆಲ್ಲ ಸುಲಭ. ಬಿಸಿಲು ಗಾಜಿನ ಮೂಲಕ ಒಳಗೆ ಬರುವುದು, ಒಳಗಿನ ಶಾಖಕಿರಣಗಳು ಹೊರಗೆ ಹೋಗಲಾರವು ಎಂದು ಬಹುಕಾಲದಿಂದ ಹೇಳುವುದುಂಟು. ಇದು ಸುಳ್ಳಲ್ಲ, ಆದರೆ ಮುಖ್ಯ ಕಾರಣವೂ ಅಲ್ಲ. ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವುಡ್ಡನು 1909ರಲ್ಲಿ ಎರಡು ಪೆಟ್ಟಿಗೆಗಳನ್ನು ಬಿಸಿಲಿಗಿಟ್ಟು, ಒಂದಕ್ಕೆ ಗಾಜನ್ನೂ ಇನ್ನೊಂದಕ್ಕೆ ಶಾಖಕಿರಣಗಳನ್ನು ತಡೆಯದ ಕಲ್ಲುಪ್ಪಿನ ಫಲಕವನ್ನೂ ಮುಚ್ಚಿದನು. ಎರಡರ ಮೇಲೂ ಒಂದೇ ಬಗೆಯ ಬಿಸಿಲು ಬೀಳುವಂತೆ ಮಾಡಿದಾಗ ಒಳಗಿನ ಬಿಸಿಯಲ್ಲಿ ಒಂದು ಡಿಗ್ರಿಯಷ್ಟೂ ವ್ಯತ್ಯಾಸ ಕಾಣಲಿಲ್ಲ. ಕಾದ ಗಾಳಿ ಮೇಲೆದ್ದು ಹೋಗದಂತೆ ಮುಚ್ಚಳ ಹಿಡಿದಿಟ್ಟದ್ದೇ ಬಿಸಿಗೆ ಕಾರಣ. (ಭೂಮಿಯ ವಾಯುಮಂಡಲದ ವಿಷಯದಲ್ಲಿ ಹೇಳುವ ಹಸುರುಮನೆ ಪರಿಣಾಮ ಬೇರೆ, ಅಲ್ಲಿ ಶಾಖಕಿರಣಗಳ ತಡೆಯೇ ಪ್ರಧಾನ. ಹೆಸರು ಮಾತ್ರ ಇಲ್ಲಿಂದ ಹೋದದ್ದು.) ಉಚ್ಚ ಬಿಸಿಲಿನಲ್ಲಿ ಒಂದು ಚದರ ಮೀಟರಿಗೆ ಸುಮಾರು 1000 ವ್ಯಾಟಿನಷ್ಟು ಶಕ್ತಿ ಬೀಳುತ್ತದೆ. ನಮ್ಮ ಆರಡಿ ಹತ್ತಡಿಯ ಮನೆ ಐದೂವರೆ ಚದರ ಮೀಟರು. ಎಂದರೆ ಬಾಗಿಲು ಮುಚ್ಚಿ ಒಳಗೆ ಐದು ವಿದ್ಯುತ್ ಇಸ್ತ್ರಿಪೆಟ್ಟಿಗೆಗಳನ್ನು ಕಾಯಲು ಬಿಟ್ಟಂತೆ. ಗಿಡಗಳ ಪಾಡೇನು?

ಆದುದರಿಂದ ಮೊದಲು ಗೋಡೆಯ ಆಯ್ಕೆ. ಲಂಡನ್ನಿನಲ್ಲಿ ಡಿಸೆಂಬರಿನ ನಡುಹಗಲ ಸೂರ್ಯ ದಿಗಂತದಿಂದ 15 ಡಿಗ್ರಿಯಷ್ಟೇ ಏರುವುದರಿಂದ ಅಲ್ಲಿಯವರು ದಕ್ಷಿಣದ ಗೋಡೆಯನ್ನು ಹುಡುಕುತ್ತಾರೆ. ನಮ್ಮಲ್ಲಿ ಅದೇ ದಿನ 54 ಡಿಗ್ರಿ ಏರುತ್ತಾನೆ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮೂರನೆಯ ವಾರದವರೆಗೆ ನೆತ್ತಿಯನ್ನು ದಾಟಿ ಉತ್ತರಕ್ಕೇ ಹೋಗುತ್ತಾನೆ. ಪಶ್ಚಿಮದ ಗೋಡೆಯನ್ನು ಸರ್ವಥಾ ಬಿಡಬೇಕು: ಮಧ್ಯಾಹ್ನದ ಬಿಸಿಲನ್ನು ಹೀರಿ ರಾತ್ರಿಯೆಲ್ಲ ಉಗುಳುವ ಗೋಡೆ ಅದು, ಮುಂಗಾರಿನ ಎರಚಲೂ ಆ ಕಡೆಯಿಂದಲೇ. ಪೂರ್ವದ ಗೋಡೆ ಶ್ರೇಷ್ಠ. ಬೆಳಗಿನ ಎಳೆಬಿಸಿಲು ದೊರೆಯುವುದು, ಮಧ್ಯಾಹ್ನಕ್ಕೆ ಮನೆಯೇ ಕೊಡೆಯಾಗುವುದು. ಬರಿಯ ಜರಿಗಿಡಗಳಿಗಾದರೆ ಉತ್ತರವೂ ಆದೀತು. ತೆಂಗಿನ ಮರದಡಿ ಮಾತ್ರ ಕೂಡದು. ಸುತ್ತ ಬಿಡಬೇಕಾದ ಜಾಗದ ವಿಷಯದಲ್ಲಿ ಪುರಸಭೆಯ ನಿಯಮವನ್ನೂ ಮೊದಲೇ ವಿಚಾರಿಸಿಕೊಳ್ಳಬೇಕು.

ಕಂಬಗಳಿಗೆ ನಮ್ಮ ಸೀಮೆಯ ಕಲ್ಲುಕಂಬಕ್ಕಿಂತ ಉತ್ತಮವಾದುದಿಲ್ಲ. ಗೆದ್ದಲು ಮುಟ್ಟದು, ತೇವಕ್ಕೆ ಕೊಳೆಯದು. ಮುಂದಿನ ಕಂಬ ಆರೂವರೆ ಅಡಿ, ಗೋಡೆಯ ಕಡೆಯ ತೊಲೆ ಒಂಬತ್ತೂವರೆ ಅಡಿ ಎತ್ತರದಲ್ಲಿದ್ದರೆ ಎರಡಡಿಗೆ ಒಂದಡಿಯ ಇಳಿಜಾರು ಬರುವುದು. ಇದಕ್ಕಿಂತ ಚಪ್ಪಟೆಯಾದರೆ ಚಾವಣಿಯ ಒಳಮೈಯಲ್ಲಿ ಕಟ್ಟುವ ಹನಿ ಜಾರದೆ ಎಲೆಗಳ ಮೇಲೆ ತೊಟ್ಟಿಕ್ಕಿ ಕೊಳೆರೋಗ ತರುತ್ತದೆ. ಹೊದಿಕೆಗೆ ತೆಳುಗಾಜು ಬೇಡ; ಆಲಿಕಲ್ಲು ಮಳೆಗೆ ಒಡೆದರೆ ಕೆಳಗೆ ನಿಂತವರ ತಲೆಯ ಮೇಲೆಯೇ. ಇಂದು ದೊರೆಯುವ ಪಾಲಿಕಾರ್ಬೊನೇಟ್ ಹಾಳೆ ಹಗುರ, ಒಡೆಯುವುದೂ ಕಡಮೆ. ಮಿತವ್ಯಯಿಗಳು ಮಂಗಳೂರು ಹೆಂಚನ್ನೇ ಹೊದಿಸಿ ನಡುನಡುವೆ ಗಾಜಿನ ಹೆಂಚನ್ನು ಸೇರಿಸಬಹುದು; ನೆರಳನ್ನು ಬಯಸುವ ಗಿಡಗಳಿಗೆ ಇದು ಚೆನ್ನಾಗಿಯೇ ಹೊಂದುತ್ತದೆಂದು ನಮ್ಮ ಅಭಿಪ್ರಾಯ.

ಎಲ್ಲಕ್ಕಿಂತ ಜಾಗರೂಕತೆ ಬೇಕಾದದ್ದು ಹಳೆಯ ಗೋಡೆಯೂ ಹೊಸ ಚಾವಣಿಯೂ ಕೂಡುವಲ್ಲಿ. ಗೋಡೆ ಸುಟ್ಟ ಇಟ್ಟಿಗೆಯದಾಗಿದ್ದು ಗಟ್ಟಿಯಾಗಿದ್ದರೆ ತೊಲೆಯನ್ನು ಉದ್ದ ಬೋಲ್ಟುಗಳಿಂದ ಬಿಗಿಯಬಹುದು. ಮಣ್ಣಿನ ಗೋಡೆಯ ಹಳೆಯ ಮನೆಯಾದರೆ ಅದಕ್ಕೆ ಭಾರವನ್ನು ಹೊರಿಸಕೂಡದು. ಗೋಡೆಯ ಪಕ್ಕದಲ್ಲಿಯೂ ಒಂದು ಸಾಲು ಕಂಬಗಳನ್ನು ನಿಲ್ಲಿಸತಕ್ಕದ್ದು. ಸಂದಿಗೆ ಗಾರೆಯನ್ನು ಮೆತ್ತಿ ಕೈತೊಳೆದುಕೊಳ್ಳುವುದು ನಮ್ಮ ಮೇಸ್ತ್ರಿಗಳ ವಾಡಿಕೆ. ಬಿಸಿಲಿಗೆ ಚಾವಣಿ ಹಿಗ್ಗುವುದು, ಗೋಡೆ ಅಷ್ಟು ಹಿಗ್ಗದು. ವರ್ಷ ತುಂಬುವುದರೊಳಗೆ ಗಾರೆ ಬಿರುಕುಬಿಟ್ಟು ನೀರು ಗೋಡೆಯೊಳಗೆ ಇಳಿಯುವುದು. ಚಾವಣಿಗಿಂತ ಮೇಲೆ ಗೋಡೆಯಲ್ಲಿ ಒಂದಂಗುಲ ಆಳದ ಗಾಡಿಯನ್ನು ಕೊರೆದು, ಸತುವಿನ ಅಥವಾ ಅಲ್ಯೂಮಿನಿಯಮ್ ತಗಡಿನ ಅಂಚನ್ನು ಅದರಲ್ಲಿ ಸೇರಿಸಿ ಗಾರೆ ತುಂಬಿ, ಉಳಿದ ತಗಡನ್ನು ಚಾವಣಿಯ ಮೇಲೆ ಆರಂಗುಲ ಇಳಿಬಿಡಬೇಕು. ತಗಡಿನ ಕೆಳಗೆ ಚಾವಣಿ ತನ್ನಷ್ಟಕ್ಕೆ ಹಿಗ್ಗಿ ಕುಗ್ಗಲಿ. ಇದರಂತೆಯೇ ಒಳಗಿನ ನೆಲ ಮನೆಯ ತಳಪಾಯದ ಪಟ್ಟಿಗಿಂತ ತಗ್ಗಾಗಿದ್ದು, ಮನೆಯಿಂದ ಹೊರಕ್ಕೆ ಇಳಿಜಾರಾಗಿರಬೇಕು. ಗೋಡೆಗೆ ತಾಗುವಂತೆ ಮಣ್ಣನ್ನು ಏರಿಸಕೂಡದು. ಕುಂಡಗಳ ಹಲಗೆಗೂ ಗೋಡೆಗೂ ನಡುವೆ ಎರಡಂಗುಲ ಗಾಳಿಯಾಡಲಿ.

ಗಾಳಿಗೆ ಕೆಳಗೊಂದು ದಾರಿ, ಮೇಲೊಂದು ದಾರಿ ಬೇಕು. ನೆಲದ ಮಟ್ಟದಲ್ಲಿ ಮುಂಭಾಗವನ್ನು ಜಾಲರಿಯಿಂದ ತೆರೆದಿಟ್ಟು, ಗೋಡೆಯ ಸಮೀಪ ಚಾವಣಿಯ ನೆತ್ತಿಯಲ್ಲಿ ಎತ್ತಿ ಇಳಿಸುವ ಮುಚ್ಚಳಗಳನ್ನಿಡಬೇಕು. ಇಂಗ್ಲೆಂಡಿನಲ್ಲಿ ಮೇಲಿನ ಕಿಂಡಿಗಳು ನೆಲದ ಐದನೆಯ ಒಂದು ಪಾಲಿರಬೇಕೆನ್ನುತ್ತಾರೆ, ಎಂದರೆ ನಮ್ಮ ಮನೆಗೆ 12 ಚದರಡಿ. ಇಲ್ಲಿ ಅದಕ್ಕೆ ಕಡಮೆಯಂತೂ ಸಾಲದು. ಬೇಸಗೆಯಲ್ಲಿ ಚಾವಣಿಗೆ ಮೇಲಿನಿಂದ, ಒಂದಡಿ ಬಿಟ್ಟು, ಅರ್ಧ ಬಿಸಿಲನ್ನು ತಡೆಯುವ ನೆರಳುಬಲೆಯನ್ನು ಕಟ್ಟಬೇಕು. ಒಳಗೆ ಕಟ್ಟಿದರೆ ಬಿಸಿ ಆಗಲೇ ಒಳಹೊಕ್ಕಾಗಿರುತ್ತದೆ. ನೆಲಕ್ಕೆ ಜಲ್ಲಿಕಲ್ಲನ್ನು ಹರಡಿ ಹಗಲಿನಲ್ಲಿ ಎರಡು ಮೂರು ಸಲ ನೀರು ಚಿಮುಕಿಸುವುದು ಅಗ್ಗವಾದ ಉಪಾಯ; ಒಂದು ಲೀಟರು ನೀರು ಆರುವಾಗ, ಆ ಇಸ್ತ್ರಿಪೆಟ್ಟಿಗೆಗಳಲ್ಲೊಂದು ನಲವತ್ತು ನಿಮಿಷದಲ್ಲಿ ಕೊಡುವಷ್ಟು ಶಾಖವನ್ನು ಹೀರಿಕೊಳ್ಳುತ್ತದೆ, ಗಿಡಗಳಿಗೆ ಬೇಕಾದ ತೇವವೂ ಗಾಳಿಗೆ ಸೇರುತ್ತದೆ.

ಎರಡೂವರೆ ಅಡಿಯ ಹಲಗೆ ಮುಂಭಾಗಕ್ಕೆ, ಒಂದೂವರೆ ಅಡಿಯದು ಗೋಡೆಯ ಕಡೆಗೆ, ನಡುವೆ ಎರಡಡಿಯ ದಾರಿ. ಗೋಡೆಯ ಕಡೆ ಜರಿಗಿಡ, ಬೆಳಕಿನ ಕಡೆ ಬಿಗೋನಿಯ, ಆಂಥೂರಿಯಂ; ಸೀತಾಳೆದಂಡೆಯನ್ನು ಮರದ ತುಂಡಿಗೆ ಕಟ್ಟಿ ತೂಗುಬಿಡಬೇಕು, ಮಣ್ಣಿನಲ್ಲಿ ನೆಡಕೂಡದು. ಕಾಡಿನ ಮರದಿಂದ ಕಿತ್ತು ತರುವುದಕ್ಕಿಂತ ಸಸ್ಯಕ್ಷೇತ್ರದಲ್ಲಿ ಬೆಳೆಸಿದ್ದನ್ನು ಕೊಳ್ಳುವುದು ಮೇಲು. ಮಳೆಗಾಲದಲ್ಲಿ ನೆರಳುಬಲೆಯನ್ನು ಸುತ್ತಿಟ್ಟು, ನೀರನ್ನು ಬೆಳಗಿನಲ್ಲಿ ಮಾತ್ರ, ಮಣ್ಣು ಆರಿದ್ದರೆ ಮಾತ್ರ ಹಾಕಬೇಕು. ನೀರಿನ ತೊಟ್ಟಿಗೆ ಮುಚ್ಚಳವಿಲ್ಲದಿದ್ದರೆ ಸೊಳ್ಳೆಗಳೂ ಬೆಳೆಯುವುವು. ಮನೆಯ ಕಿಟಕಿಯೊಂದು ಒಳಕ್ಕೆ ತೆರೆಯುವಂತಿದ್ದರೆ ನೋಟಕ್ಕೆ ಇಂಪೇ. ಆದರೆ ಪುಸ್ತಕಗಳ ಬೀರುವಿರುವ ಕೋಣೆಯದಾದರೆ ಆ ಕಿಟಕಿಗೆ ಗಾಜನ್ನು ಹಾಕಿಸಿ ಮುಚ್ಚಿಯೇ ಇಡಬೇಕು, ಇಲ್ಲವಾದರೆ ಆಷಾಢದ ಹೊತ್ತಿಗೆ ಹೊತ್ತಗೆಗಳ ರಟ್ಟಿನ ಮೇಲೂ ಬೂಷ್ಟು ಬೆಳೆಯುವುದು.