ಹೆಸರು ಬಿಟ್ಟುಕೊಟ್ಟ ಸಭೆಗಳು

ಚಿಕ್ಕಬಳ್ಳಾಪುರದ ಬಸ್ ನಿಲ್ದಾಣದಲ್ಲಿ ನಿಂತು ‘ಪ್ರೆಸ್ಬಿಟೇರಿಯನ್ ಚರ್ಚ್ ಎಲ್ಲಿ?’ ಎಂದರೆ ದಾರಿ ತೋರಿಸುವವರು ಸಿಗಲಿಕ್ಕಿಲ್ಲ. ‘ಮಿಷನ್ ಆಸ್ಪತ್ರೆ’ ಎಂದು ನೋಡಿ, ಆಟೊ ಸೀದಾ ಸಿ.ಎಸ್.ಐ. ಆಸ್ಪತ್ರೆಯ ಮುಂದೆ ನಿಲ್ಲುತ್ತದೆ. ಪ್ರೆಸ್ಬಿಟೇರಿಯನ್ ಪಂಥ ಈ ಸೀಮೆಯ ಸಭೆಗಳಿಗೂ ಸೇರಿದ್ದೇ. ಆದರೆ ಅದು ಇಲ್ಲಿಗೆ ಬಂದದ್ದು ಹಿತ್ತಲ ಬಾಗಿಲಿನಿಂದ.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಚಿಕ್ಕಬಳ್ಳಾಪುರವನ್ನು ಕೇಂದ್ರ ಮಾಡಿಕೊಂಡು ಸುತ್ತಲ ತಾಲ್ಲೂಕುಗಳಲ್ಲಿ ಕೆಲಸ ಮಾಡಿದ್ದು ಲಂಡನ್ ಮಿಷನ್. 1795ರಲ್ಲಿ ಹುಟ್ಟಿ, 1820ರಲ್ಲಿ ಬೆಂಗಳೂರಿಗೆ ಬಂದ ಸಂಸ್ಥೆಯದು. ಅವೆನ್ಯೂ ರಸ್ತೆಯ ರೈಸ್ ಸ್ಮಾರಕ ಚರ್ಚ್ ಅದರ ಕನ್ನಡ ಸಭೆ. ಈಗಿನ ಕಟ್ಟಡ 1917ರದು. ಆ ಹೆಸರಿನ ರೈಸ್ ಪಾದ್ರಿಯ ಮಗನೇ ಶಾಸನಗಳ ಬಿ.ಎಲ್. ರೈಸ್. ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರುಗಳ ವೀರಗಲ್ಲುಗಳೂ ದಾನಶಾಸನಗಳೂ ಅಚ್ಚಾದದ್ದು ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಕೋಲಾರ ಸಂಪುಟದಲ್ಲಿ. ಮಿಷನ್ನಿನ ಸುವಾರ್ತೆಯನ್ನು ಒಪ್ಪದವರೂ ಈ ಒಂದು ಋಣವನ್ನು ಒಪ್ಪಲೇಬೇಕು.

ಲಂಡನ್ ಮಿಷನ್ನಿನದು ಹೆಚ್ಚಾಗಿ ಕಾಂಗ್ರಿಗೇಷನಲ್ ಪದ್ಧತಿ. ಪ್ರತಿ ಊರಿನ ಸಭೆ ತನ್ನ ಯಜಮಾನಿಕೆ ತಾನೇ ಮಾಡಿಕೊಳ್ಳುತ್ತದೆ, ಮೇಲಿನವರ ಅಪ್ಪಣೆ ಬೇಕಿಲ್ಲ. ಪ್ರೆಸ್ಬಿಟೇರಿಯನ್ನರಲ್ಲಿ ಸಭೆ ಆರಿಸಿದ ಹಿರಿಯರು ಪಾಲಕರ ಜೊತೆ ಕೂತು ಆಡಳಿತ ನಡೆಸುತ್ತಾರೆ. ಹಲವು ಸಭೆಗಳ ಮೇಲೆ ಪ್ರೆಸ್ಬಿಟರಿ, ಅದರ ಮೇಲೆ ಸಿನಡ್. ಬಿಷಪ್ಪರು ಮಾತ್ರ ಇಬ್ಬರಲ್ಲೂ ಇಲ್ಲ.

ಪ್ರೆಸ್ಬಿಟೇರಿಯನ್ ಕಟ್ಟಡವನ್ನೇ ನೋಡಬೇಕೆಂದರೆ ಬೆಂಗಳೂರಿನ ಕಬ್ಬನ್ ರಸ್ತೆಗೆ ಹೋಗಬೇಕು. ದಂಡುಪ್ರದೇಶದ ಸ್ಕಾಟಿಷ್ ಜನರಿಗಾಗಿ 1864ರಲ್ಲಿ ಅಡಿಗಲ್ಲಿಟ್ಟು 1866ರಲ್ಲಿ ತೆರೆದ ಸೇಂಟ್ ಆಂಡ್ರೂಸ್ ಚರ್ಚ್ ಅಲ್ಲಿದೆ. ಗಾಥಿಕ್ ಶೈಲಿ, ಗಡಿಯಾರ ಗೋಪುರ, ಒಳಗೆ ಹಳೆಯ ಪೈಪ್ ಆರ್ಗನ್. ನೋಡಲು ಚೆಂದ, ಆದರೆ ಅದು ಅಧಿಕಾರಿಗಳ, ಸಿಪಾಯಿಗಳ ಚರ್ಚ್, ರಾಗಿ ಹೊಲದ ನಡುವಿನ ಪ್ರಾರ್ಥನಾ ಮಂದಿರಕ್ಕೆ ಅದರ ಗತ್ತು ಗೊತ್ತಿಲ್ಲ. ಚಿಂತಾಮಣಿಗೆ ಇದಕ್ಕಿಂತ ಹತ್ತಿರದ್ದು ಮದನಪಲ್ಲಿ. ಅಲ್ಲಿದ್ದದ್ದು ಅಮೆರಿಕದ ರಿಫಾರ್ಮ್ಡ್ ಚರ್ಚಿನ ಆರ್ಕಾಟ್ ಮಿಷನ್, ಪ್ರೆಸ್ಬಿಟೇರಿಯನ್ನರ ದಾಯಾದಿ. ಜೇಕಬ್ ಚೇಂಬರ್ಲೇನ್ ಎಂಬ ವೈದ್ಯ ಪಾದ್ರಿ 1863ರಲ್ಲೇ ಅಲ್ಲಿ ನೆಲೆಸಿ, ತೆಲುಗು ಬೈಬಲ್ ಪರಿಷ್ಕರಣೆಯಲ್ಲಿ ತೊಡಗಿದ್ದರು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಎನ್ನುವ ನಮ್ಮ ಗಡಿ ತಾಲ್ಲೂಕುಗಳಿಗೆ ಆ ಊರು ಪರದೇಶವೇನಲ್ಲ.

ಆರ್ಕಾಟ್ ಮಿಷನ್ನಿನ ಸಭೆಗಳೂ ಸ್ಕಾಟರ ಸಭೆಗಳೂ ಮೊದಲು ಒಂದಾದವು. 1908ರಲ್ಲಿ ಕಾಂಗ್ರಿಗೇಷನಲ್ ಸಭೆಗಳೂ ಕೂಡಿಕೊಂಡು ಸೌತ್ ಇಂಡಿಯಾ ಯುನೈಟೆಡ್ ಚರ್ಚ್ ಆಯಿತು. ಲಂಡನ್ ಮಿಷನ್ನಿನ ಸಭೆಗಳು ಪ್ರೆಸ್ಬಿಟೇರಿಯನ್ನರಿಗೆ ಬಂಧುಗಳಾದದ್ದು ಹೀಗೆ. ಎರಡೇ ವರ್ಷಕ್ಕೆ, 1910ರಲ್ಲಿ, ಹಲವು ಮಿಷನ್‌ಗಳು ಸೇರಿ ಬೆಂಗಳೂರಿನಲ್ಲಿ ಯುನೈಟೆಡ್ ಥಿಯಲಾಜಿಕಲ್ ಕಾಲೇಜು ಕಟ್ಟಿದವು. ಮದನಪಲ್ಲಿ ಪಕ್ಕದ ಆರೋಗ್ಯವರಂ ಕ್ಷಯರೋಗ ಧಾಮವೂ ಇಂಥದೇ ಪಾಲುಗಾರಿಕೆಯ ಫಲ.

ಮುಂದಿನ ಹೆಜ್ಜೆ ಇಷ್ಟು ಸಲೀಸಾಗಿರಲಿಲ್ಲ. 1919ರಲ್ಲಿ ತರಂಗಂಬಾಡಿಯಲ್ಲಿ ಆಂಗ್ಲಿಕನ್ನರ ಜೊತೆ ಮಾತು ಶುರುವಾಯಿತು. ಬಿಷಪ್ ಇರಬೇಕೆ, ಬೇಡವೆ? ಬಿಷಪ್ ಕೈಯಿಡದೆ ದೀಕ್ಷೆ ಪಡೆದ ಪಾಲಕರನ್ನು ಒಪ್ಪುವುದೆ? ವಾದ 28 ವರ್ಷ ಎಳೆಯಿತು. ಕೊನೆಗೆ 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ಚರ್ಚ್ ಆಫ್ ಸೌತ್ ಇಂಡಿಯಾ, ಅಂದರೆ ಸಿ.ಎಸ್.ಐ., ಉದ್ಘಾಟನೆಯಾಯಿತು. ಆಂಗ್ಲಿಕನ್ನರ ಬಿಷಪ್ ಉಳಿದರು, ಪ್ರೆಸ್ಬಿಟೇರಿಯನ್ನರ ಸಿನಡ್ ಉಳಿಯಿತು, ಹಳೆಯ ಫಲಕಗಳು ಇಳಿದವು. ನನ್ನ ಮಟ್ಟಿಗೆ ಈ ಕಥೆಯ ದೊಡ್ಡ ಕಟ್ಟಡ ಇದೇ. ಹೆಸರಿಗಾಗಿ ಒಡೆಯುವುದೇ ರೂಢಿಯಾಗಿರುವಾಗ ಇವರು ಕೂಡುವುದಕ್ಕಾಗಿ ಹೆಸರು ಬಿಟ್ಟರು.

ಲಂಡನ್ ಮಿಷನ್ನಿನ ಕಾಗದಪತ್ರಗಳು ಈಗ ಲಂಡನ್ನಿನ ಸೋಆಸ್ ಗ್ರಂಥಾಲಯದಲ್ಲಿವೆ. ಅವು ಬಹುಪಾಲು ಪಾದ್ರಿಗಳು ಬರೆದ ವರದಿಗಳು. ಊರಿನವರ ಕೈಬರಹ ಇರುವುದು ದೀಕ್ಷಾಸ್ನಾನದ ಚೀಟಿ, ಸಭೆಯ ಲೆಕ್ಕಪುಸ್ತಕ, ಮದುವೆ ಫೋಟೊದ ಹಿಂಬದಿಗಳಲ್ಲಿ. ನಮ್ಮ ತಾಲ್ಲೂಕುಗಳ ಹಳೆಯ ಕುಟುಂಬಗಳಲ್ಲಿ ಅಂಥವು ಉಳಿದಿದ್ದರೆ ರದ್ದಿಗೆ ಹಾಕಬೇಡಿ. ಥಿಯಲಾಜಿಕಲ್ ಕಾಲೇಜಿನಲ್ಲಿ ದಾಖಲೆ ಸಂಗ್ರಹವಿದೆ. ಒಂದು ಪ್ರತಿ ಅಲ್ಲಿಗೆ ಕೊಡಿ.