ಕಾರವಾರಕ್ಕೆ ಬಂದ ಕಡಲ್ಗಳ್ಳರ ಹಡಗು ಮತ್ತು ಮಾಫಿ ಸಾಕ್ಷಿಯಾದ ಅದರ ಡಾಕ್ಟರ್

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಯಲಹಂಕದಿಂದ ಮಾತಾಡ್ತಾ ಇದ್ದೀನಿ. ಸಮುದ್ರಕ್ಕೂ ನಮ್ಮ ಏರಿಯಾಗೂ ಏನೂ ಸಂಬಂಧ ಇಲ್ಲ, ನಿಜ. ಆದ್ರೆ ಯಶವಂತಪುರದಲ್ಲಿ ರಾತ್ರಿ ರೈಲು ಹತ್ತಿದ್ರೆ ಬೆಳಗ್ಗೆ ಕಾರವಾರ. ಇವತ್ತಿನ ಕಥೆ ಆ ಕಾರವಾರದ ಕಡಲಿಂದ ಶುರುವಾಗಿ ಲಂಡನ್ನಿನ ಒಂದು ಕೋರ್ಟ್ ಹಾಲ್‌ನಲ್ಲಿ ಮುಗಿಯುತ್ತೆ.

1697ರ ಸೆಪ್ಟೆಂಬರ್. 'ಅಡ್ವೆಂಚರ್ ಗ್ಯಾಲಿ' ಅನ್ನೋ 34 ತೋಪುಗಳ ಹಡಗು ಕಟ್ಟಿಗೆ, ಕುಡಿಯೋ ನೀರು ಬೇಕು ಅಂತ ಕಾರವಾರಕ್ಕೆ ಬರುತ್ತೆ. ಅದರ ಕ್ಯಾಪ್ಟನ್ ವಿಲಿಯಂ ಕಿಡ್. ಮುಂದೆ ಪ್ರಪಂಚದ ಅತಿ ಪ್ರಸಿದ್ಧ ಕಡಲ್ಗಳ್ಳ ಅಂತ ಹೆಸರಾಗೋ ಮನುಷ್ಯ ಇವನೇ. ಅದೇ ಹಡಗಿನಲ್ಲಿ ರಾಬರ್ಟ್ ಬ್ರಾಡಿನ್‌ಹ್ಯಾಮ್ ಅಂತ ಒಬ್ಬ ಸರ್ಜನ್ ಇದ್ದ. ಆ ಹಡಗಿನಲ್ಲಿ ಏನೇನು ನಡೀತು ಅನ್ನೋದರಲ್ಲಿ ದೊಡ್ಡ ಪಾಲು ನಮಗೆ ಗೊತ್ತಾಗಿರೋದು ಈ ಡಾಕ್ಟರ್ ಬಾಯಿಂದ. ಆದ್ರೆ ಅವನು ಪುಸ್ತಕ ಬರೀಲಿಲ್ಲ. ಕೋರ್ಟಿನಲ್ಲಿ ನಿಂತು ಹೇಳಿದ. ತನ್ನ ಕುತ್ತಿಗೆ ಉಳಿಸಿಕೊಳ್ಳೋಕೆ ಹೇಳಿದ.

ಅಂಥವನ ಮಾತನ್ನ ಎಷ್ಟರ ಮಟ್ಟಿಗೆ ನಂಬಬಹುದು? ಇವತ್ತಿನ ಪ್ರಶ್ನೆ ಅದು.

ಡಾಕ್ಟರ್ ಯಾಕೆ ಒಳ್ಳೆ ಸಾಕ್ಷಿ?

ಮೊದಲು ಇನ್ನೊಬ್ಬ ಡಾಕ್ಟರ್ ಬಗ್ಗೆ ಹೇಳ್ತೀನಿ. ಕಡಲ್ಗಳ್ಳರ ಬದುಕಿನ ಬಗ್ಗೆ ಬಂದ ಅತಿ ಪ್ರಸಿದ್ಧ ಹಳೇ ಪುಸ್ತಕ ಅಲೆಕ್ಸಾಂಡರ್ ಎಕ್ಸ್‌ಕ್ವೆಮೆಲಿನ್ ಅನ್ನೋನದು. 1666ರಲ್ಲಿ ಕೂಲಿ ಆಳಾಗಿ ಕೆರಿಬಿಯನ್ನಿನ ಟೋರ್ಟುಗಾ ದ್ವೀಪಕ್ಕೆ ಹೋದ. ಮೊದಲನೇ ಯಜಮಾನ ಹಿಂಸೆ ಕೊಟ್ಟು ಕೊನೆಗೆ ಒಬ್ಬ ಸರ್ಜನ್‌ಗೆ ಮಾರಿದ. ಅಲ್ಲಿಂದ ಬಿಡುಗಡೆಯಾದ ಮೇಲೆ ಕಡಲ್ಗಳ್ಳರ ಜೊತೆ ಸೇರಿ ಸರ್ಜನ್ ಕೆಲಸ ಮಾಡಿದ. 1678ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಡಚ್ ಭಾಷೆಯಲ್ಲಿ ಅವನ ಪುಸ್ತಕ ಬಂತು.

ನಾನು ಬಿಕಾಂ ಓದಿದವನು, ಹಾಗಾಗಿ ಅದರಲ್ಲಿ ನನ್ನ ಕಣ್ಣು ಹೋಗಿದ್ದು ಲೆಕ್ಕದ ಮೇಲೆ. ಹಡಗು ಹೊರಡೋಕೆ ಮುಂಚೆ ಕಡಲ್ಗಳ್ಳರು ಒಪ್ಪಂದ ಬರೆದುಕೊಳ್ತಿದ್ರು. ಲೂಟಿ ಸಿಗಲಿಲ್ಲ ಅಂದ್ರೆ ಯಾರಿಗೂ ಸಂಬಳ ಇಲ್ಲ. ಸಿಕ್ಕರೆ, ಪಾಲು ಹಂಚೋಕೆ ಮುಂಚೆ ಕೆಲವು ಖರ್ಚು ಎತ್ತಿಡಬೇಕು. ಸರ್ಜನ್‌ಗೆ ಅವನ ಔಷಧಿ ಪೆಟ್ಟಿಗೆ ಸೇರಿ 200ರಿಂದ 250 ಸ್ಪ್ಯಾನಿಷ್ ಬೆಳ್ಳಿ ನಾಣ್ಯ. ಬಲಗೈ ಹೋದವನಿಗೆ 600, ಎಡಗೈ ಹೋದ್ರೆ 500, ಬಲಗಾಲಿಗೂ 500, ಎಡಗಾಲಿಗೆ 400. ಕಣ್ಣಿಗೆ 100, ಬೆರಳಿಗೂ 100. ನಮ್ಮಲ್ಲಿ ಕಾರ್ಮಿಕರ ಪರಿಹಾರ ಕಾಯ್ದೆ ಬಂದಿದ್ದು 1923ರಲ್ಲಿ. ಯಾವ ಅಂಗ ಹೋದ್ರೆ ಎಷ್ಟು ಅನ್ನೋ ಪಟ್ಟಿ ಅದರಲ್ಲೂ ಇತ್ತು. ಕಡಲ್ಗಳ್ಳರು ಅಂಥದ್ದೇ ಪಟ್ಟಿಯನ್ನ ಎರಡೂವರೆ ಶತಮಾನ ಮುಂಚೆ ಇಟ್ಟುಕೊಂಡಿದ್ರು.

ಇವರನ್ನ ತುಂಬಾ ಒಳ್ಳೇವರು ಅಂದುಕೊಳ್ಳಬೇಡಿ. ಅದೇ ಪಟ್ಟಿಯಲ್ಲಿ ಬಲಗೈಗೆ 600 ನಾಣ್ಯ ಬೇಡ ಅಂದ್ರೆ ಆರು ಜನ ಗುಲಾಮರನ್ನ ತಗೋಬಹುದು ಅಂತಲೂ ಇದೆ.

ಇಂಥ ಹಡಗಿನಲ್ಲಿ ಸರ್ಜನ್ ಜಾಗ ವಿಚಿತ್ರವಾದದ್ದು. ಅವನು ಕ್ಯಾಪ್ಟನ್ ಅಲ್ಲ, ಹಗ್ಗ ಎಳೆಯೋ ನಾವಿಕನೂ ಅಲ್ಲ. ಓದು ಬರಹ ಗೊತ್ತು. ಗಾಯ ಆದ್ರೆ, ಯಾರಾದ್ರೂ ಸತ್ರೆ, ಎಲ್ಲರೂ ಕರೆಯೋದು ಅವನನ್ನೇ. ಅವನಿಗೂ ಲೂಟಿಯಲ್ಲಿ ಪಾಲಿದೆ, ಆದ್ರೆ ಕತ್ತಿ ಹಿಡಿದವನು ಅವನಲ್ಲ. ಹಾಗಾಗಿ ಸಿಕ್ಕಿಬಿದ್ದಾಗ ಸರ್ಕಾರಕ್ಕೆ ಬೇಕಾಗೋ ಸಾಕ್ಷಿ ಇಂಥವನೇ.

ಕಿಡ್ ಕಳ್ಳ ಆಗಿದ್ದು ಹೇಗೆ?

ತಮಾಷೆ ಅಂದ್ರೆ ಕಿಡ್ ಹೊರಟಿದ್ದು ಕಡಲ್ಗಳ್ಳರನ್ನ ಹಿಡಿಯೋಕೆ. 1695ರಲ್ಲಿ ಹೆನ್ರಿ ಎವೆರಿ ಅನ್ನೋ ಇಂಗ್ಲಿಷ್ ಕಳ್ಳ ಔರಂಗಜೇಬನ 'ಗಂಜ್-ಇ-ಸವಾಯಿ' ಹಡಗನ್ನ ದೋಚಿದ್ದ. ಸಿಟ್ಟಿಗೆದ್ದ ಮೊಘಲರು ಸೂರತ್‌ನಲ್ಲಿದ್ದ ಈಸ್ಟ್ ಇಂಡಿಯಾ ಕಂಪನಿಯವರನ್ನ ಸೆರೆಗೆ ಹಾಕಿದ್ರು. ಅದೇ ಹೊತ್ತಲ್ಲಿ ಲಂಡನ್ನಿನ ಕೆಲವು ದೊಡ್ಡ ಮನುಷ್ಯರು ದುಡ್ಡು ಹಾಕಿ ಕಿಡ್‌ನ ಹಡಗನ್ನ ತಯಾರು ಮಾಡಿದ್ರು. ಕಳ್ಳರನ್ನ ಹಿಡಿ, ಶತ್ರು ದೇಶವಾದ ಫ್ರಾನ್ಸ್‌ನ ಹಡಗುಗಳನ್ನೂ ಹಿಡಿ, ಸಿಕ್ಕ ಮಾಲು ಹಂಚಿಕೊಳ್ಳೋಣ ಅಂತ. ರಾಜನಿಗೆ ಶೇಕಡ 10. ಇವತ್ತಿನ ಭಾಷೆಯಲ್ಲಿ ಇದು ಸ್ಟಾರ್ಟಪ್. ಹೂಡಿಕೆದಾರರು ಇದ್ದಾರೆ, ಕೆಲಸಗಾರರಿಗೆ ಸಂಬಳದ ಬದಲು ಷೇರು.

ಆದಾಯ ಮಾತ್ರ ಸೊನ್ನೆ. 1696ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕ್ ಬಿಟ್ಟ ಹಡಗಿಗೆ ತಿಂಗಳುಗಟ್ಟಲೆ ಏನೂ ಸಿಗಲಿಲ್ಲ. ಆಫ್ರಿಕಾ ಪಕ್ಕದ ಕೊಮೊರೊ ದ್ವೀಪಗಳ ಹತ್ತಿರ ರೋಗ ಬಂದು ಒಂದೇ ವಾರದಲ್ಲಿ ಸುಮಾರು 50 ಜನ ಸತ್ತರು. 1697ರ ಆಗಸ್ಟ್‌ನಲ್ಲಿ ಮೋಖಾದಿಂದ ಬರ್ತಿದ್ದ ಯಾತ್ರಿಕರ, ವ್ಯಾಪಾರಿಗಳ ಹಡಗುಗಳ ಮೇಲೆ ಕಣ್ಣು ಹಾಕಿದ, ಅದೂ ಆಗಲಿಲ್ಲ. ಅಲ್ಲಿಂದ ನಮ್ಮ ಕರಾವಳಿ ಕಡೆ ತಿರುಗಿದ.

ಇಲ್ಲಿ ಡಾಕ್ಟರ್ ಹೇಳಿಕೆ ಮುಖ್ಯ ಆಗುತ್ತೆ. ಪಾರ್ಕರ್ ಅನ್ನೋ ಇಂಗ್ಲಿಷ್ ಕ್ಯಾಪ್ಟನ್ ನಡೆಸ್ತಿದ್ದ ಒಂದು ಸಣ್ಣ ಹಡಗನ್ನ ಹಿಡಿದ್ರು. ದುಡ್ಡು ಎಲ್ಲಿದೆ ಹೇಳಿ ಅಂತ ಅದರಲ್ಲಿದ್ದ ಮುಸ್ಲಿಂ ನಾವಿಕರನ್ನ ಕತ್ತಿಯ ಚಪ್ಪಟೆ ಮಗ್ಗುಲಿನಿಂದ ಹೊಡೆದ್ರು. ಕಾಫಿ, ಮೆಣಸು ಎತ್ತಿಕೊಂಡ್ರು. ದಾರಿ ತೋರಿಸೋಕೆ ಪಾರ್ಕರ್‌ನನ್ನ, ದುಭಾಷಿಯಾಗಿ ಒಬ್ಬ ಪೋರ್ಚುಗೀಸನನ್ನ ಇಟ್ಟುಕೊಂಡ್ರು. ಆಮೇಲೆ ಕಾರವಾರ.

ಕಾರವಾರದಲ್ಲಿ ಇಂಗ್ಲಿಷರಿಗೆ 1638ರಿಂದಲೇ ನಂಟು, ಮೆಣಸಿನ ವ್ಯಾಪಾರಕ್ಕೆ. ಅಲ್ಲಿನ ಕೋಠಿಯ ಹಾರ್ವೆ ಮತ್ತು ಮೇಸನ್ ಅನ್ನೋರು ಹಡಗಿಗೆ ಬಂದು ಪಾರ್ಕರ್ ಎಲ್ಲಿ ಅಂತ ಕೇಳಿದ್ರು. ನಂಗೊತ್ತಿಲ್ಲ ಅಂದ ಕಿಡ್. ಡಾಕ್ಟರ್ ಪ್ರಕಾರ ಪಾರ್ಕರ್ ಆಗ ಅದೇ ಹಡಗಿನ ತಳದಲ್ಲಿ ಸೆರೆಯಲ್ಲಿದ್ದ. ಕಾರವಾರದಲ್ಲೇ ಕೆಲವು ನಾವಿಕರು ಹಡಗು ಬಿಟ್ಟು ಓಡಿಹೋದ್ರು.

ಬಕೆಟ್ ಏಟು

ಅಕ್ಟೋಬರ್ 30. ವಿಲಿಯಂ ಮೂರ್ ಅನ್ನೋ ತೋಪುಗಾರನಿಗೂ ಕಿಡ್‌ಗೂ ಜಗಳ ಆಯ್ತು. ಕಬ್ಬಿಣದ ಪಟ್ಟಿ ಹೊಡೆದಿದ್ದ ಮರದ ಬಕೆಟ್ ತಗೊಂಡು ಕಿಡ್ ಅವನ ತಲೆಗೆ ಬೀಸಿದ. ಚಿಕಿತ್ಸೆಗೆ ಬಂದವನು ಬ್ರಾಡಿನ್‌ಹ್ಯಾಮ್. ಗಾಯ ದೊಡ್ಡದಲ್ಲ, ಆದ್ರೆ ತಲೆಬುರುಡೆ ಒಡೆದಿತ್ತು ಅಂತ ಕೋರ್ಟಿನಲ್ಲಿ ಹೇಳಿದ. ಮಾರನೇ ದಿನ ಮೂರ್ ಸತ್ತ. ಡಾಕ್ಟರ್ ಇನ್ನೊಂದು ಮಾತನ್ನೂ ಸೇರಿಸಿದ: ಎರಡು ತಿಂಗಳಾದ ಮೇಲೆ ಕಿಡ್ ತನ್ನ ಹತ್ತಿರ, ಈ ಸಾವಿನ ಬಗ್ಗೆ ನನಗೇನೂ ಚಿಂತೆ ಇಲ್ಲ, ಇಂಗ್ಲೆಂಡಿನಲ್ಲಿರೋ ನನ್ನ ಸ್ನೇಹಿತರು ಪಾರು ಮಾಡ್ತಾರೆ ಅಂದ ಅಂತ.

ಈ ಎರಡು ಹೇಳಿಕೆಗಳನ್ನ ಬೇರೆ ಬೇರೆ ಇಟ್ಟುಕೊಳ್ಳಿ. ಮೊದಲನೇದು ವೈದ್ಯ ಕಂಡ ಗಾಯ. ಎರಡನೇದು ಬೇರೆ ಯಾರೂ ಕೇಳಿಸಿಕೊಳ್ಳದ ಖಾಸಗಿ ಮಾತು.

1698ರ ಜನವರಿ 30ಕ್ಕೆ, ಕೊಚ್ಚಿ ಕಡೆಯ ಕಡಲಲ್ಲಿ ದೊಡ್ಡ ಬೇಟೆ ಸಿಕ್ತು: 'ಕ್ವೆಡಾ ಮರ್ಚೆಂಟ್'. ಅರ್ಮೇನಿಯನ್ ವ್ಯಾಪಾರಿಗಳ ಹಡಗು. ಮೊಘಲ್ ದರ್ಬಾರಿನ ದೊಡ್ಡವರ ಮಾಲೂ ಅದರಲ್ಲಿತ್ತು. ಹಡಗು ವಾಪಸ್ ಕೊಟ್ರೆ 20,000 ರೂಪಾಯಿ ಕೊಡ್ತೀವಿ ಅಂತ ವ್ಯಾಪಾರಿಗಳು ಬೇಡಿಕೊಂಡ್ರು. ಅದು ಚಿಲ್ಲರೆ ದುಡ್ಡು ಅಂತ ಕಿಡ್ ಒಪ್ಪಲಿಲ್ಲ. ಕರಾವಳಿಯಲ್ಲೇ ಮಾಲು ಮಾರಿದ್ರು, ಕೋರ್ಟಿನಲ್ಲಿ ಬಂದ ಅಂದಾಜು 10,000ದಿಂದ 12,000 ಪೌಂಡ್. ಒಟ್ಟು 160 ಪಾಲು, ಅದರಲ್ಲಿ 40 ಕಿಡ್‌ಗೆ. 10,000 ಅಂತಲೇ ಹಿಡಿದ್ರೆ ಪಾಲಿಗೆ 62 ಪೌಂಡ್ ಚಿಲ್ಲರೆ, ಕಿಡ್‌ಗೆ 2,500.

ಕಟಕಟೆಯಲ್ಲಿ

ಆಮೇಲಿನದ್ದು ಬೇಗ ಹೇಳ್ತೀನಿ. ಮಡಗಾಸ್ಕರ್ ಹತ್ತಿರ ಹೆಚ್ಚಿನ ನಾವಿಕರು ಕಿಡ್‌ನನ್ನ ಬಿಟ್ಟು ಬೇರೆ ಕಡಲ್ಗಳ್ಳನ ಹಡಗು ಸೇರಿದ್ರು. ಕಿಡ್ ಅಮೆರಿಕಕ್ಕೆ ಹೋದ. 1699ರ ಜುಲೈನಲ್ಲಿ ಬಾಸ್ಟನ್‌ನಲ್ಲಿ ಸೆರೆ ಸಿಕ್ಕ. 1701ರ ಮೇ 8, 9ರಂದು ಲಂಡನ್ನಿನ ಓಲ್ಡ್ ಬೇಲಿ ಕೋರ್ಟಿನಲ್ಲಿ ವಿಚಾರಣೆ. ಆ ಕಾಲದ ಕಾನೂನಿನಲ್ಲಿ ಇಂಥ ಆರೋಪಿಗೆ ಕಾನೂನಿನ ಪ್ರಶ್ನೆಗಳಿಗೆ ಮಾತ್ರ ವಕೀಲರ ಸಹಾಯ. ಸಾಕ್ಷಿಗಳನ್ನ ಪ್ರಶ್ನೆ ಮಾಡೋ ಕೆಲಸ ಅವನದೇ.

ಸರ್ಕಾರದ ಮುಖ್ಯ ಸಾಕ್ಷಿಗಳು ಇಬ್ಬರು: ಜೋಸೆಫ್ ಪಾಮರ್ ಅನ್ನೋ ನಾವಿಕ ಮತ್ತು ನಮ್ಮ ಡಾಕ್ಟರ್. ಇಬ್ಬರೂ ಮಾಫಿ ಸಾಕ್ಷಿಗಳು. ಐದು ತಿಂಗಳು ಹಡಗಿನ ತಳದಲ್ಲಿ ಮಲಗಿದ್ದವನು ನೀನು, ನಿನಗೇನು ಗೊತ್ತು ಅಂತ ಕಿಡ್ ಹಂಗಿಸಿದ. ನನ್ನ ಪ್ರಾಣ ತೆಗೆಯೋಕೆ ನಿನ್ನ ಪ್ರಾಣ ಉಳಿಸ್ತೀವಿ ಅಂತ ಮಾತು ಕೊಟ್ಟಿದ್ದಾರಲ್ವಾ ಅಂತ ನೇರವಾಗೇ ಕೇಳಿದ. ಆದ್ರೆ ಪ್ರಯೋಜನ ಆಗಲಿಲ್ಲ. ಕೊಲೆ ಮತ್ತು ಕಡಲ್ಗಳ್ಳತನ, ಎರಡರಲ್ಲೂ ಅವನು ಅಪರಾಧಿ. ಮೇ 23ಕ್ಕೆ ಗಲ್ಲು. ಮೊದಲನೇ ಸಲ ಹಗ್ಗ ತುಂಡಾಯ್ತು, ಮತ್ತೆ ಏರಿಸಿದ್ರು. ಡಾಕ್ಟರ್‌ಗೆ ಕ್ಷಮೆ ಸಿಕ್ತು.

ವೋಚರ್ ಎಲ್ಲಿ?

ನಮ್ಮ ಕೋರ್ಟುಗಳು ಇವತ್ತಿಗೂ ಮಾಫಿ ಸಾಕ್ಷಿಯ ಮಾತೊಂದನ್ನೇ ನಂಬಿ ಶಿಕ್ಷೆ ಕೊಡೋಕೆ ಹಿಂಜರಿಯುತ್ತವೆ, ಬೇರೆ ಪುರಾವೆಯ ಬೆಂಬಲ ಇದೆಯಾ ಅಂತ ನೋಡುತ್ತವೆ. ಆಡಿಟಿಂಗ್‌ನಲ್ಲಿ ಇದನ್ನೇ ವೋಚಿಂಗ್ ಅಂತ ಕಲಿಸ್ತಾರೆ. ಲೆಡ್ಜರ್‌ನಲ್ಲಿ ಬರೆದಿದ್ದಕ್ಕೆ ಬಿಲ್ ತೋರಿಸು. ಸರಿ, ಡಾಕ್ಟರ್ ಮಾತಿಗೂ ಬಿಲ್ ಹುಡುಕೋಣ.

ಒಂದನೇದು, ಬೆಂಜಮಿನ್ ಫ್ರಾಂಕ್ಸ್ ಅನ್ನೋ ಆಭರಣ ವ್ಯಾಪಾರಿ. ಕಿಡ್ ಹಡಗಿನಲ್ಲಿ ಪ್ರಯಾಣಿಕನಾಗಿ ಬಂದವನು, ಕಿಡ್‌ಗೆ ಒಂದು ಟೋಪಿ ಕೊಟ್ಟು ಒಪ್ಪಿಸಿ ಕಾರವಾರದಲ್ಲಿ ಇಳಿದುಕೊಂಡ. 1697ರ ಅಕ್ಟೋಬರ್‌ನಲ್ಲೇ, ಅಂದ್ರೆ ವಿಚಾರಣೆಗೆ ಮೂರೂವರೆ ವರ್ಷ ಮುಂಚೆ, ಬಾಂಬೆಯಲ್ಲಿ ಹೇಳಿಕೆ ಕೊಟ್ಟ. ಅವನಿಗೆ ಯಾರ ಕ್ಷಮೆಯೂ ಬೇಕಿರಲಿಲ್ಲ. ಎರಡನೇದು, ಕಾರವಾರದ ಕೋಠಿಯವರು ಆಗಲೇ ಬರೆದ ಪತ್ರ. ಮೂರನೇದು, ಮೋಖಾ ಹಡಗುಗಳಿಗೆ ಕಾವಲಿದ್ದ 'ಸೆಪ್ಟರ್' ಹಡಗಿನ ಎಡ್ವರ್ಡ್ ಬಾರ್ಲೋ ಬರೆದಿಟ್ಟ ದಿನಚರಿ. ಈ ಮೂರರ ಜೊತೆ ಇಟ್ಟು ನೋಡಿದ್ರೆ, ಮೋಖಾದಿಂದ ಕಾರವಾರದವರೆಗೆ ಡಾಕ್ಟರ್ ಹೇಳಿದ ಕಥೆಯ ಹಂದರ ನಿಲ್ಲುತ್ತೆ.

ಈಗ ನಿಲ್ಲದ ಕಡೆ. ಕ್ವೆಡಾ ಮರ್ಚೆಂಟ್ ಸೇರಿ ನಾನು ಹಿಡಿದ ಎರಡು ಹಡಗುಗಳಲ್ಲಿ ಫ್ರೆಂಚ್ ಪಾಸ್ ಇತ್ತು, ಹಾಗಾಗಿ ಅವನ್ನ ಹಿಡಿಯೋದು ನನ್ನ ಕಾನೂನುಬದ್ಧ ಕೆಲಸ ಅನ್ನೋದು ಕಿಡ್‌ನ ವಾದ. ಆ ಪಾಸುಗಳನ್ನ ಅವನು ಮೊದಲೇ ಅಧಿಕಾರಿಗಳಿಗೆ ಕೊಟ್ಟಿದ್ದ. ವಿಚಾರಣೆ ಹೊತ್ತಿಗೆ ಅವು ಕೋರ್ಟಿನಲ್ಲಿ ಸಿಗಲೇ ಇಲ್ಲ. ಪಾಸ್ ಇದೆ ಅಂತ ಕಿಡ್ ಹೇಳಿದ್ದು ಕೇಳಿದ್ದೆ, ಕಣ್ಣಾರೆ ನೋಡಿಲ್ಲ ಅಂದ ಪಾಮರ್. 20ನೇ ಶತಮಾನದ ಆರಂಭದಲ್ಲಿ ಅದೇ ಪಾಸುಗಳು ಲಂಡನ್ನಿನ ಸರ್ಕಾರಿ ದಾಖಲೆಗಳ ನಡುವೆ ಪತ್ತೆಯಾದವು. ಅವು ಇದ್ದಿದ್ರೂ ಕಿಡ್ ಪೂರ್ತಿ ಪಾರಾಗ್ತಿದ್ದ ಅಂತ ಹೇಳೋಕಾಗಲ್ಲ, ಕೊಲೆ ಆರೋಪ ಹಾಗೇ ಉಳೀತಿತ್ತು. ಆದ್ರೆ ಅವನ ಅತಿ ಮುಖ್ಯ ಕಾಗದವೇ ಇಲ್ಲದೆ ಕೇಸು ಮುಗೀತು. ಮೊಘಲರ ಮುಂದೆ ಮುಖ ಉಳಿಸಿಕೊಳ್ಳಬೇಕಾಗಿದ್ದ ಕಂಪನಿಗೆ ಕಿಡ್‌ಗೆ ಶಿಕ್ಷೆ ಆಗಲೇಬೇಕಿತ್ತು ಅನ್ನೋದನ್ನೂ ಮರೀಬೇಡಿ.

ಹಾಗಾಗಿ ನನ್ನ ಅಳತೆಗೋಲು ಇದು. ಗಾಯ, ಬಂದರು, ಹೊತ್ತುಕೊಂಡು ಹೋದ ಕಾಫಿ ಮೆಣಸು, ಪಾಲಿನ ಲೆಕ್ಕ, ಇಂಥ ವಿಷಯಗಳಲ್ಲಿ ಡಾಕ್ಟರ್‌ನನ್ನ ಬಹುಮಟ್ಟಿಗೆ ನಂಬ್ತೀನಿ. ಬೇರೆಯವರ ಮಾತಿಗೂ ಅವನ ಮಾತಿಗೂ ತಾಳೆ ಹಾಕಿ ನೋಡಬಹುದು. ಆದ್ರೆ 'ಕಿಡ್ ನನ್ನೊಬ್ಬನ ಹತ್ತಿರ ಹೀಗಂದ' ಅನ್ನೋ ಜಾಗದಲ್ಲಿ ನಿಂತುಬಿಡ್ತೀನಿ. ಆ ಮಾತಿಗೆ ಬೆಲೆ ಇತ್ತು, ಆ ಬೆಲೆ ಅವನದೇ ಪ್ರಾಣ. ಪುಸ್ತಕ ಬರೆದವರಿಗೂ ಇದೇ ಅನ್ವಯ. ಎಕ್ಸ್‌ಕ್ವೆಮೆಲಿನ್ ಪುಸ್ತಕದ ಇಂಗ್ಲಿಷ್ ಅನುವಾದ ಬಂದಾಗ ಅದರಲ್ಲಿ ಬರೋ ಹೆನ್ರಿ ಮಾರ್ಗನ್ ಮಾನನಷ್ಟ ಕೇಸು ಹಾಕಿ 1685ರಲ್ಲಿ 200 ಪೌಂಡ್ ಪರಿಹಾರ ಗೆದ್ದ.

ಕೊನೆಗೆ ಒಂದು ವಿಷಯ. ಬ್ರಾಡಿನ್‌ಹ್ಯಾಮ್ ಹೇಳಿಕೆಯಲ್ಲಿ ಎರಡು ಮೂರು ಸಾಲಿನ ಒಂದು ಘಟನೆ ಇದೆ. ನಮ್ಮ ಪಶ್ಚಿಮ ಕರಾವಳಿಯಾಚೆಯ ಯಾವುದೋ ದ್ವೀಪಕ್ಕೆ ಕಟ್ಟಿಗೆ, ನೀರು ತರೋಕೆ ಹೋದಾಗ ಅಲ್ಲಿನವರು ಹಡಗಿನ ಪೀಪಾಯಿ ಮಾಡೋನ ಕತ್ತು ಕೊಯ್ದರು. ಅದಕ್ಕೆ ಕಿಡ್ ಅವರ ಮನೆಗಳನ್ನ ಸುಡಿಸಿದ. ಸಿಕ್ಕ ಒಬ್ಬ ದ್ವೀಪದವನನ್ನ ಮರಕ್ಕೆ ಕಟ್ಟಿಸಿ ಗುಂಡು ಹೊಡೆಸಿದ. ಮೂರ್ ಸಾವಿಗೆ ಕೊಲೆ ಕೇಸು ಆಯ್ತು, ಸಾಕ್ಷಿಗಳು ಬಂದ್ರು, ಗಾಯ ಎಷ್ಟಿತ್ತು ಅಂತ ವಿವರವಾಗಿ ಕೇಳಿದ್ರು. ಈ ಮನುಷ್ಯನ ಸಾವಿಗೆ ಕೇಸಿಲ್ಲ, ಹೆಸರೂ ದಾಖಲಾಗಿಲ್ಲ. ಅವನೊಬ್ಬ ಇದ್ದ ಅಂತ ಕೋರ್ಟಿನ ಕಾಗದದಲ್ಲಿ ಉಳಿದಿರೋದು ಆ ಡಾಕ್ಟರ್ ಹೇಳಿದ ಎರಡು ಮೂರು ಸಾಲಿನಿಂದ. ಅದನ್ನ ಹೇಳಿ ಅವನಿಗೆ ಹೆಚ್ಚೇನೂ ಸಿಗಬೇಕಾಗಿರಲಿಲ್ಲ. ಅದಕ್ಕೇ ಆ ಸಾಲುಗಳನ್ನ ನಾನು ನಂಬ್ತೀನಿ.